ಉಪ್ಪಕ್ಕನ ತೊಟ್ಟಿಗೆ ಬಂದ ಬಿಟ್ಟಿ ಪ್ರಯಾಣಿಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಡ್ನಿ ಆಸ್ಪತ್ರೆಯ ಹಿಂಬಾಗಿಲಲ್ಲಿ ಗಿಡ್ಡನೆಯ, ಗಟ್ಟಿ ಮೈಕಟ್ಟಿನ ಹೆಂಗಸೊಬ್ಬರು ಕೈಗೊಂದು ನೀರಿನ ಕ್ಯಾನು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ಕಾವಲಿನವನಿಗೆ ಈ ಹೊತ್ತಿಗೆ ಸರಿಯಾಗಿ ತಮಾಷೆ ಉಕ್ಕುತ್ತದೆ.

“ಏನಕ್ಕಾ, ಇವತ್ತು ಸಮುದ್ರ ಇಷ್ಟೇನಾ?”

“ಮಿಕ್ಕಿದ್ದು ಗಾಡೀಲಿದೆ. ಹೋಗಿ ಹೊತ್ಕೊಂಡು ಬಾ. ಬಾಯಿಗಿರೋ ಶಕ್ತಿ ಕೈಗೂ ಇದ್ಯಾ ನೋಡೋಣ.”

ಅವನು ನಗುತ್ತಾ ಗಾಡಿಯ ಕಡೆ ಹೋಗುತ್ತಾನೆ. ಹೋಗದೆ ಏನು ಮಾಡುತ್ತಾನೆ? ಉಪ್ಪಕ್ಕ ಒಂದು ಕೆಲಸ ಹೇಳಿದ ಮೇಲೆ ಆಗಲ್ಲ ಅಂದವರು ಈ ಆಸ್ಪತ್ರೆಯಲ್ಲಿ ಯಾರೂ ಇಲ್ಲ, ದೊಡ್ಡ ಡಾಕ್ಟರೊಬ್ಬರನ್ನು ಬಿಟ್ಟು. ಅವರ ವಿಷಯಕ್ಕೆ ಆಮೇಲೆ ಬರೋಣ.

ಉಪ್ಪಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಊರವರು ಅಂಟಿಸಿದ್ದು. ಉಪ್ಪುನೀರಿನ ಮೀನಿನ ತೊಟ್ಟಿಗಳನ್ನು ತೊಳೆದು, ನೀರು ಬದಲಿಸಿ, ಅದರೊಳಗಿನ ಮೀನು, ಹವಳ, ಏಡಿಗಳನ್ನು ಬದುಕಿಸಿ ಇಡುವುದು ಅವರ ಕಸುಬು. ಹಲ್ಲಿನ ಡಾಕ್ಟರ ಕೋಣೆ, ಹೋಟೆಲಿನ ಮುಂಗಟ್ಟು, ಎರಡು ಮೂರು ದೊಡ್ಡ ಮನೆಗಳು, ಒಂದು ಶಾಲೆ ಅಂತ ಊರಿಡೀ ಓಡಾಡುತ್ತಾರೆ. ಅವರು ಹೋದ ಮೇಲೆ ತೊಟ್ಟಿ ಫಳಫಳ ಅನ್ನುತ್ತದೆ. ಬಂದವರು ಮೀನು ನೋಡಿ ಹೊಗಳುತ್ತಾರೆ, ತೊಟ್ಟಿಯ ಒಡೆಯ ಹೊಗಳಿಕೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಇವರ ಮುಖ ಕಂಡವರು ಕಡಿಮೆ. ತೊಟ್ಟಿಯ ಹಿಂದೆ ನಿಂತು ಮಾಡುವ ಕೆಲಸ ನೋಡಿ.

ಆಸ್ಪತ್ರೆಯ ತೊಟ್ಟಿಯಂತೂ ಡಯಾಲಿಸಿಸ್ ಹಾಲಿನ ಗೋಡೆಯೊಳಗೇ ಕೂತಿದೆ. ಹಾಲಿನ ಕಡೆಯಿಂದ ಕಾಣುವುದು ಗಾಜು ಮಾತ್ರ. ಹಿಂಬದಿಯಲ್ಲಿ ಒಬ್ಬರು ಓರೆಯಾಗಿ ನಿಲ್ಲುವಷ್ಟು ಓಣಿ, ಅಲ್ಲಿ ಪಂಪು, ಪೈಪು, ಒಂದು ಮರದ ಮಣೆ. ಉಪ್ಪಕ್ಕ ಮಣೆ ಹತ್ತಿ, ತೋಳಿನವರೆಗೆ ಕೈ ಮುಳುಗಿಸಿ, ಬೆರಳನ್ನು ಮೂಗಿಗೆ ಹಿಡಿಯುತ್ತಾರೆ. ಅಳತೆಯ ಉಪಕರಣ ಚೀಲದಲ್ಲೇ ಇದೆ, ಅದನ್ನೂ ತೆಗೆದು ನೋಡುತ್ತಾರೆ. ಆದರೆ ಮೊದಲು ಮೂಗು. “ನೀರು ಕೆಟ್ಟಿದ್ರೆ ಮೂಗಿಗೆ ಮೊದಲು ಗೊತ್ತಾಗುತ್ತೆ. ಇದು ರಿಪೇರಿಗೆ ಬರಲ್ಲ, ಬ್ಯಾಟರಿ ಬೇಕಾಗಿಲ್ಲ.”

ಕೈ ತೋರಿಸಿ ಅಂದರೆ ನಗುತ್ತಾರೆ. ಉಪ್ಪು ಚರ್ಮವನ್ನು ಸೀಳಿ ಬೆರಳಿನ ಸಂದಿಯಲ್ಲಿ ಗೆರೆಗೆರೆ ಬಿದ್ದಿದೆ. ಮೊದಲು ಬಣ್ಣದ ಮೀನಿನ ಅಂಗಡಿಯಲ್ಲಿ ಮೀನನ್ನು ಚೀಲಕ್ಕೆ ತುಂಬುವ ಕೆಲಸದಲ್ಲಿದ್ದರು. ಅಂಗಡಿ ಮುಚ್ಚಿತು. ಗಿರಾಕಿಯೊಬ್ಬರು ‘ನಮ್ಮ ತೊಟ್ಟಿ ನೀನೇ ನೋಡ್ಕೊಳಮ್ಮ’ ಅಂದರು, ಅಲ್ಲಿಂದ ಶುರು. ಗಂಡ ಲಿಫ್ಟ್ ಮೆಕ್ಯಾನಿಕ್. “ಊರಿಗೆಲ್ಲಾ ಲಿಫ್ಟ್ ರಿಪೇರಿ ಮಾಡ್ತಾರೆ. ನಂಗೆ ಮಾತ್ರ ಹೋದಲ್ಲೆಲ್ಲಾ ಮೆಟ್ಟಿಲೇ ಗತಿ!” ಮನೆಯ ಬಚ್ಚಲಲ್ಲಿ ಸದಾ ಬಕೆಟ್ಟುಗಳು. ಒಂದರಲ್ಲಿ ಉಪ್ಪು ಕರಗುತ್ತಿರುತ್ತದೆ, ಇನ್ನೊಂದರಲ್ಲಿ ಕಾಯಿಲೆ ಬಿದ್ದ ಯಾವುದೋ ಮೀನು ಆರೈಕೆಯಲ್ಲಿರುತ್ತದೆ. ಅತ್ತೆಯ ದೂರು ಒಂದೇ: “ಸ್ನಾನಕ್ಕೆ ಹೋದ್ರೆ ಅದು ಕಣ್ಣು ಪಿಳಿಪಿಳಿ ಬಿಟ್ಕೊಂಡು ನನ್ನೇ ನೋಡುತ್ತೆ. ಈ ವಯಸ್ಸಲ್ಲಿ ನಂಗ್ಯಾಕೆ ಬೇಕಿತ್ತು ಈ ನಾಚಿಕೆ?” ಮೀನಿಗೆ ರೆಪ್ಪೆಯೇ ಇಲ್ಲ, ಪಿಳಿಪಿಳಿ ಎಲ್ಲಿಂದ ಬರಬೇಕು ಅಂತ ಸೊಸೆ ಹೇಳಿ ನೋಡಿದ್ದಾರೆ. ಅತ್ತೆ ಒಪ್ಪಿಲ್ಲ.

ಈಗ ವಿಷಯಕ್ಕೆ ಬರೋಣ. ಹವಳದ ತೊಟ್ಟಿಗೆ ಕಡಲಿನ ಕಲ್ಲು ಬೇಕು. ಸ್ಪಂಜಿನಂತೆ ತೂತುತೂತಾಗಿರುವ ಕಲ್ಲು. ಆ ತೂತುಗಳಲ್ಲಿ ಹುಳ, ಏಡಿ, ಹುಲ್ಲು, ಮೊಟ್ಟೆ ಏನು ಬೇಕಾದರೂ ಅಡಗಿ ಕೂತು ಬರಬಹುದು. ಕಸುಬಿನವರು ಇವುಗಳನ್ನು ಬಿಟ್ಟಿ ಪ್ರಯಾಣಿಕರು ಅನ್ನುತ್ತಾರೆ. ಕೆಲವು ಪಾಪದವು. ಕೆಲವು ತೊಟ್ಟಿಯನ್ನೇ ನುಂಗಿ ನೀರು ಕುಡಿಯುವಂಥವು. ಬಂದದ್ದು ಯಾವುದು ಅಂತ ಗುರುತು ಹಿಡಿಯುವುದೇ ಈ ಕಸುಬಿನ ಅತಿ ಕಷ್ಟದ ಭಾಗ. ಯಾಕೆಂದರೆ ಅದು ಹಗಲು ಹೊರಗೆ ಬರುವುದಿಲ್ಲ, ಕಂಡರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

ಆಸ್ಪತ್ರೆಯ ತೊಟ್ಟಿಗೆ ಹೊಸ ಕಲ್ಲೊಂದು ಬಿದ್ದ ಕೆಲವು ವಾರಕ್ಕೆ ಇಂಥದ್ದೊಂದು ಕಾಣಿಸಿಕೊಂಡಿತು. ಕಂಡವರು ಉಪ್ಪಕ್ಕ ಅಲ್ಲ, ಮುಂಜಾನೆಯ ಪಾಳಿಯ ರೋಗಿಗಳು. ತೋಳಿಗೆ ಸೂಜಿ ಚುಚ್ಚಿಸಿಕೊಂಡು, ರಕ್ತ ಯಂತ್ರದೊಳಗೆ ಹೋಗಿ ಬರುವಷ್ಟು ಹೊತ್ತೂ ಕುರ್ಚಿಯಲ್ಲಿ ಒರಗಿರಬೇಕು. ಕಣ್ಣಿಗೆ ಬೇರೆ ಕೆಲಸವೇನಿದೆ? ತೊಟ್ಟಿಯ ಒಂದೊಂದು ಮೀನಿನ ಜಾತಕವೂ ಅವರಿಗೆ ಬಾಯಿಪಾಠ.

ತೊಟ್ಟಿಯ ಎಡಗಡೆಯ ಕುರ್ಚಿ ನಿವೃತ್ತ ಬಸ್ ಕಂಡಕ್ಟರರದ್ದು. ತೊಟ್ಟಿಯ ದೀಪ ಹತ್ತುವ ಮೊದಲೇ ಬಂದು ಕೂರುವವರು. ಅವರು ಹೇಳಿದ್ದು: “ಕಪ್ಪಗೆ, ಹೆಬ್ಬೆರಳಷ್ಟು ಗಾತ್ರ. ಮೈ ತುಂಬಾ ಕೂದಲು. ಹವಳದ ಮೇಲೆ ಹತ್ಕೊಂಡು ಹೋಗ್ತಿತ್ತು, ನಿಧಾನಕ್ಕೆ, ನಮ್ಮ ಹಳೇ ಬಸ್ಸಿನ ಹಾಗೆ.”

ಬಲಗಡೆಯ ಕುರ್ಚಿ ಟೈಲರಮ್ಮನದು. ಅವರು ತಟ್ಟನೆ ತಿರುಗಿಬಿದ್ದರು. “ಕೂದಲೂ ಇಲ್ಲ, ಗೀದಲೂ ಇಲ್ಲ. ನಾನು ನೋಡಿದ್ದು ಬಿಳಿ ಹಳದಿ ಬಣ್ಣ, ಪಿಂಗಾಣಿ ಮೊಟ್ಟೆ ಹಾಗಿರೋ ಚಿಪ್ಪು. ಕಲ್ಲಿನ ಸಂದೀಲಿ ಕೂತಿತ್ತು.”

“ಕನ್ನಡಕ ಒರೆಸ್ಕೊಳಮ್ಮ.”

“ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣಿದು! ನೀವು ಚಿಲ್ಲರೆ ಎಣಿಸ್ದೆ ಕೊಟ್ಟಿರೋರು, ನನಗೆ ಹೇಳ್ತೀರಾ?”

ಅಲ್ಲಿಗೆ ಇಬ್ಬರಿಗೂ ಮಾತು ಬಿಟ್ಟುಹೋಯಿತು. ವರ್ಷಗಟ್ಟಲೆ ಅಕ್ಕಪಕ್ಕ ಕೂತು, ಒಬ್ಬರ ಸೂಜಿಯ ನೋವು ಮರೆಸಲು ಇನ್ನೊಬ್ಬರು ನಗಿಸಿದವರು ಈಗ ಮುಖ ಆ ಕಡೆ ಈ ಕಡೆ. ನರ್ಸಮ್ಮನ ಮೂಲಕ ಸಂದೇಶ: ‘ಅವರಿಗೆ ಹೇಳಿ, ಇವತ್ತೂ ಕೂದಲೇ ಕಾಣಿಸ್ತು ಅಂತ.’

ಉಪ್ಪಕ್ಕ ಕಂಡಕ್ಟರರ ಕಡೆ ವಾಲಿದರು. ಕಾರಣ ಇತ್ತು. ಏಡಿಗಳ ವಿಷಯದಲ್ಲಿ ಕಸುಬಿನವರೆಲ್ಲ ನಂಬುವ ಒಂದು ಲೆಕ್ಕಾಚಾರವಿದೆ. ಮೈಮೇಲೆ ಕೂದಲಿರುವ ಏಡಿಯ ಮೇಲೆ ಅನುಮಾನ ಇಡು, ನುಣ್ಣಗಿರುವುದನ್ನು ಬಿಡು. ಉಪ್ಪಕ್ಕ ಆ ಲೆಕ್ಕವನ್ನು ಏಡಿಯಿಂದ ಎತ್ತಿ ಎಲ್ಲಕ್ಕೂ ಹಚ್ಚಿಬಿಟ್ಟರು. ಅಂಗಿಯ ಗುಂಡಿಗಳಂತೆ ಗುಂಪಾಗಿ ಬೆಳೆದ ಹಸಿರು ಹವಳವೊಂದು ಬೆಳಗಿನ ಹೊತ್ತು ಮುದುರಿ ಕೂರುತ್ತಿದ್ದದ್ದೂ ನಿಜ. ಸಾಕ್ಷಿ ಸಿಕ್ಕಂತಾಯಿತು. ವಾರ್ಡಿನ ಸುತ್ತು ಬಂದ ದೊಡ್ಡ ಡಾಕ್ಟರ ಮುಂದೆಯೇ ಘೋಷಿಸಿದರು: “ಹವಳ ತಿನ್ನೋ ಹುಳ ಸಾರ್. ಹಿಡಿದು ಬಿಸಾಕ್ತೀನಿ.”

“ಟೈಲರಮ್ಮ ಚಿಪ್ಪು ಅಂತಿದಾರಲ್ಲ?”

“ಅದು ಬೇರೆ ಇನ್ನೊಂದು ಇರ್ಬೇಕು.”

“ಅಂದ್ರೆ ಗೊತ್ತಿಲ್ಲದ್ದು ಎರಡಿದೆ?”

ಡಾಕ್ಟರು ಕೆಟ್ಟವರಲ್ಲ, ಈ ತೊಟ್ಟಿಗೆ ಜಾಗ ಕೊಟ್ಟವರೇ ಅವರು. ಆದರೆ ಕಡಲಿನ ಶಂಖಗಳಲ್ಲಿ ವಿಷದ ಜಾತಿಯೊಂದಿದೆ, ಚುಚ್ಚಿದರೆ ಮನುಷ್ಯರೂ ಉಳಿಯುವುದು ಕಷ್ಟ ಅಂತ ಓದಿಕೊಂಡಿದ್ದರು. ಮೆತ್ತಗೇ ಹೇಳಿದರು: “ನೋಡಮ್ಮ, ದಿನಾ ಅದರೊಳಗೆ ಕೈ ಹಾಕೋಳು ನೀನು. ಇದು ಆಸ್ಪತ್ರೆ. ಒಳಗೇನಿದೆ ಅಂತ ಗೊತ್ತಿಲ್ಲದ ತೊಟ್ಟೀನ ನಾನಿಲ್ಲಿ ಇಟ್ಕೊಳ್ಳೋಕಾಗಲ್ಲ. ಶನಿವಾರದೊಳಗೆ ಇದು ಇಂಥದ್ದು ಅಂತ ತೋರಿಸು. ಇಲ್ಲಾಂದ್ರೆ ಖಾಲಿ ಮಾಡಿಸಿ ಟಿವಿ ಹಾಕಿಸ್ತೀನಿ.”

ಇದನ್ನು ಹೇಳುವಾಗ ಉಪ್ಪಕ್ಕ ಡಾಕ್ಟರನ್ನು ಬೈಯುವುದಿಲ್ಲ. “ಅವ್ರ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ. ಬಾಯಿಬಡುಕಿ ನಾನೇ. ನೋಡೋಕೆ ಮುಂಚೆ ತೀರ್ಪು ಕೊಟ್ಟೆ.”

ಖಾಲಿ ಮಾಡುವುದು ಅಂದರೆ ಏನು ಗೊತ್ತೇ? ಮೀನನ್ನು ಬೇರೆ ತೊಟ್ಟಿಗೆ ಸಾಗಿಸಬಹುದು. ವರ್ಷಗಟ್ಟಲೆ ಬೆಳೆದು ಕಲ್ಲಿಗೆ ಕಲ್ಲೇ ಆಗಿ ಅಂಟಿಕೊಂಡ ಹವಳವನ್ನು ಸಾಗಿಸುವುದು ಹೇಗೆ? ಕಲ್ಲು ಒಣಗಿತೋ, ಅದರೊಳಗಿನ ಸಂಸಾರವೆಲ್ಲ ಸತ್ತಂತೆ. ಒಂದು ಬೆರಳುಗಾತ್ರದ ತುಂಡಿನಿಂದ ಬೆಳೆಸಿದ ಹವಳ ಅಲ್ಲಿ ಈಗ ಮೊರದಗಲ ಇದೆ. ಅದರ ಮುಂದೆ ಕೂರುವವರ ಕಥೆಯೂ ಇದೆ. ಕಂಡಕ್ಟರು ಹೇಳುತ್ತಾರೆ: “ಸೂಜಿ ಚುಚ್ಚೋವಾಗ ನಾನು ಆ ಕಿತ್ತಳೆ ಮೀನನ್ನೇ ನೋಡ್ತಿರ್ತೀನಿ. ಅದು ಆ ತುದಿಯಿಂದ ಈ ತುದಿಗೆ ಬರೋದ್ರೊಳಗೆ ನೋವು ಮುಗ್ದಿರುತ್ತೆ. ಟಿವಿ ಹಾಕಿದ್ರೆ ಅದ್ರಲ್ಲಿ ಬರೋ ಮುಖ ನೋಡೇ ನಂಗೆ ಬಿಪಿ ಏರುತ್ತೆ.”

ಹುಡುಕಾಟ ಶುರುವಾಗುತ್ತದೆ. ಉಪ್ಪಕ್ಕ ಈಗ ಉದ್ದನೆಯ ರಬ್ಬರ್ ಕೈಗವಸು ತೊಟ್ಟೇ ಕೈ ಹಾಕುವುದು. ಮೊದಲ ಉಪಾಯ, ಬಾಟಲಿಯ ಬಲೆ. ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ತೂರಿಸಿ, ಸೀಗಡಿಯ ತುಂಡು ಇಟ್ಟು ಕಲ್ಲಿನ ಬುಡದಲ್ಲಿ ಇಡುವುದು. ಮಾಂಸ ತಿನ್ನುವುದು ಯಾವುದಿದ್ದರೂ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ. ಬೆಳಿಗ್ಗೆ ನೋಡಿದರೆ ಬಲೆಯ ತುಂಬ ಕಸ ತಿಂದು ಬದುಕುವ ಮುಳ್ಳುಹುಳಗಳು. ಅವು ಎಲ್ಲ ತೊಟ್ಟಿಯಲ್ಲೂ ಇರುವ ಪಾಪದ ಪ್ರಾಣಿಗಳು. ಕೂದಲಿನವನೂ ಇಲ್ಲ, ಪಿಂಗಾಣಿಯೂ ಇಲ್ಲ. ಮರುದಿನವೂ ಅದೇ.

“ಬಿಟ್ಟಿ ಊಟ ಇಟ್ರೂ ಹತ್ತಿರ ಸುಳಿಯಲ್ಲ ಅಂದ್ರೆ ಎಂಥಾ ಪ್ರಯಾಣಿಕ ಇವನು?” ಕಂಡಕ್ಟರಿಗೆ ಬೇಸರ.

ಗುರುವಾರ ಉಪ್ಪಕ್ಕ ಸೋತ ಮುಖದಲ್ಲೇ ಗಾಜು ಉಜ್ಜಲು ನಿಲ್ಲುತ್ತಾರೆ. ಏನಾದರಾಗಲಿ, ಗಾಜಿನ ಪಾಚಿ ಉಜ್ಜಲೇಬೇಕು. ಎಡಮೂಲೆಗೆ ಕೈ ಹೋದಾಗ ಉಜ್ಜುವ ಪಟ್ಟಿ ಜರ್ರನೆ ಜಾರುತ್ತದೆ. ಅಲ್ಲಿ ಪಾಚಿಯೇ ಇಲ್ಲ. ಬಗ್ಗಿ ನೋಡುತ್ತಾರೆ. ಹಸಿರು ಪಾಚಿಯ ನಡುವೆ ದಾರಿಯೊಂದು ಬೋಳಾಗಿದೆ, ಅಂಚಿನಲ್ಲೆಲ್ಲ ಸಣ್ಣ ಸಣ್ಣ ಹಲ್ಲಿನ ಗೀರು, ಗರಗಸದ ಗುರುತಿನಂತೆ.

“ನನ್ ಕೆಲಸ ಯಾರೋ ಮಾಡ್ತಿದಾರೆ ಅನ್ನಿಸ್ತು. ಮಾಂಸ ಇಟ್ರೆ ಯಾಕೆ ಬರುತ್ತೆ ಅದು? ಪಾಚಿ ತಿನ್ನೋದದು!”

ಅಂದರೆ ಒಂದು ಪ್ರಾಣಿ ಪಾಚಿ ತಿನ್ನುತ್ತದೆ. ಎರಡರಲ್ಲಿ ಯಾವುದು? ಉಪ್ಪಕ್ಕ ಹಿಂಬದಿಯ ಓಣಿಯಿಂದ ಸುತ್ತಿಕೊಂಡು ಹಾಲಿಗೆ ಬಂದು, ಟೈಲರಮ್ಮನ ಕುರ್ಚಿಯ ಪಕ್ಕ ಕೂರುತ್ತಾರೆ. ಇಷ್ಟು ದಿನ ಅವರ ಮಾತನ್ನು ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ.

“ಟೈಲರಮ್ಮ, ನೀವು ನೋಡಿದ್ದು ಹೊಳೀತಿತ್ತಾ?”

“ಹೊಳೀತಿತ್ತಾ ಅಂದ್ರೆ? ಈಗ ತಾನೇ ಒರೆಸಿಟ್ಟ ಹಾಗಿತ್ತು ಕಣಮ್ಮ. ನನ್ನ ಮುಖ ಕಾಣಿಸ್ಬೇಕು ಅದ್ರಲ್ಲಿ.”

“ಪಾಚಿ, ಕಸ, ಏನೂ ಅಂಟಿರ್ಲಿಲ್ವಾ?”

“ಒಂದು ಚುಕ್ಕೀನೂ ಇಲ್ಲ.”

ಉಪ್ಪಕ್ಕ ಕೂತಲ್ಲೇ ಕೂತರು. ತೊಟ್ಟಿಯೊಳಗೆ ಇಟ್ಟದ್ದು ಏನೇ ಇರಲಿ, ಗಾಜೇ ಇರಲಿ, ಪೈಪೇ ಇರಲಿ, ನಾಲ್ಕು ದಿನ ಬಿಟ್ಟರೆ ಮೇಲೆ ಹಸಿರು ಪದರ ಕಟ್ಟುತ್ತದೆ. ಅದನ್ನು ಉಜ್ಜಿ ಉಜ್ಜಿಯೇ ಅವರ ಭುಜ ಸವೆದದ್ದು. ತೊಟ್ಟಿಯ ಉಳಿದ ಶಂಖಗಳು ಬೆನ್ನೆಲ್ಲ ಪಾಚಿ ಹಿಡಿದು ಕಲ್ಲಿನಂತೆಯೇ ಕಾಣುತ್ತವೆ. ಹಾಗಿದ್ದ ಮೇಲೆ ಈ ಚಿಪ್ಪೊಂದೇ ಫಳಫಳ ಹೊಳೆಯುವುದು ಹೇಗೆ? ಯಾರೋ ದಿನಾ ಒರೆಸುತ್ತಿರಬೇಕು. ನೀರಿನೊಳಗೆ ಅದನ್ನು ಒರೆಸುವವರು ಯಾರು?

ಅದೇ. ಅದೇ ಒರೆಸಿಕೊಳ್ಳುತ್ತದೆ. ಒರೆಸುವ ಬಟ್ಟೆ ಅದರ ಮೈಯಲ್ಲೇ ಇದೆ. ಆ ಬಟ್ಟೆ ಕಪ್ಪಗಿದ್ದರೆ? ಅದರ ಮೇಲೆ ಕೂದಲಿದ್ದರೆ?

“ಅಲ್ಲೇ ಕೂಗಿಬಿಡೋಣ ಅನ್ನಿಸ್ತು. ಆದ್ರೆ ಒಂದ್ಸಲ ಬಾಯಿ ಬಿಟ್ಟು ಕೆಟ್ಟಿದ್ನಲ್ಲ, ಸುಮ್ನಿದ್ದೆ. ನೋಡ್ದೆ ಹೇಳ್ಬಾರ್ದು.”

ಶನಿವಾರ ಮುಂಜಾನೆ. ಇಬ್ಬರು ಸಾಕ್ಷಿಗಳಿಗೂ ಉಪ್ಪಕ್ಕನ ಅಪ್ಪಣೆಯಾಗಿದೆ: ಯಂತ್ರಕ್ಕೆ ಸೂಜಿ ಹಾಕಿಸಿಕೊಳ್ಳುವ ಮೊದಲು ಗಾಜಿನ ಮುಂದೆ ಬಂದು ನಿಲ್ಲಬೇಕು, ಇಬ್ಬರೂ ಒಟ್ಟಿಗೆ. ಬಂದಿದ್ದಾರೆ. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು, ಒಬ್ಬರನ್ನೊಬ್ಬರು ನೋಡದೆ. ಹಾಲಿನ ದೀಪ ಆರಿಸಲಾಗಿದೆ. ಉಪ್ಪಕ್ಕ ಹಿಂದಿನ ಮಣೆಯ ಮೇಲೆ ನಿಂತು ಕೆಂಪು ಟಾರ್ಚು ಬಿಡುತ್ತಾರೆ. ಕತ್ತಲೆಯ ಜೀವಿಗಳಿಗೆ ಕೆಂಪು ಬೆಳಕು ಅಷ್ಟಾಗಿ ತಟ್ಟುವುದಿಲ್ಲ, ಗಾಬರಿಯಾಗಿ ಓಡುವುದಿಲ್ಲ.

“ಅಗೋ!” ಕಂಡಕ್ಟರ ಪಿಸುಮಾತು ಹಾಲಿಗೆಲ್ಲ ಕೇಳಿಸುತ್ತದೆ. “ಹಸಿರು ಹವಳದ ಮೇಲಿಂದ ಪಕ್ಕದ ಗಾಜಿಗೆ ಹತ್ತಿದೆ. ನೋಡ್ಲಿ ಈಗ, ಕೂದಲಿದ್ಯೋ ಇಲ್ವೋ!”

ಇದೆ. ಕಪ್ಪು ಮೈ, ಅದರ ಮೇಲೆ ಬೂದು ಪಟ್ಟೆ, ಮೈ ತುಂಬ ನೀರಲ್ಲಿ ಅಲುಗುವ ಎಳೆಗಳು. ಟೈಲರಮ್ಮನ ಮುಖ ಬಾಡುತ್ತದೆ. ಅದು ಹವಳವನ್ನು ತಿಂದಿಲ್ಲ, ತುಳಿದುಕೊಂಡು ಬಂದಿದೆ ಅಷ್ಟೇ. ತುಳಿದದ್ದಕ್ಕೆ ಹವಳ ಮುದುರಿದೆ. ಗಾಜಿನ ಮೇಲೆ ಅದರ ಬಾಯಿ ಪಾಚಿಯನ್ನು ಕೆರೆಯುತ್ತಿದೆ.

“ಇಬ್ರೂ ಕಣ್ಣು ಮಿಟುಕಿಸ್ಬೇಡಿ,” ಉಪ್ಪಕ್ಕ ಹಿಂದಿನಿಂದ ಕೂಗುತ್ತಾರೆ. ಉದ್ದನೆಯ ಕೋಲೊಂದು ನೀರಿಗಿಳಿಯುತ್ತದೆ. ಅದರ ತುದಿ ಆ ಕಪ್ಪು ಬೆನ್ನನ್ನು ಮೆಲ್ಲಗೆ, ನಿದ್ದೆಯ ಮಗುವಿನ ಕೆನ್ನೆ ಮುಟ್ಟಿದ ಹಾಗೆ, ಮುಟ್ಟುತ್ತದೆ.

ಬೆನ್ನಿನ ನಟ್ಟನಡುವೆ ಗೆರೆಯೊಂದು ಬಿರಿಯುತ್ತದೆ. ಕಪ್ಪು ಮೈ ಎರಡು ಹೋಳಾಗಿ, ಕಿಟಕಿಯ ಪರದೆ ಎರಡು ಕಡೆಗೆ ಸರಿದಂತೆ, ಕೆಳಗೆ ಕೆಳಗೆ ಜಾರುತ್ತದೆ. ಕೂದಲೆಲ್ಲ ಒಳಗೆ. ಅದರ ಅಡಿಯಿಂದ ನುಣ್ಣನೆಯ, ಅಂಚು ಉಬ್ಬಿದ, ಒಂದು ಚುಕ್ಕಿ ಕೊಳೆಯಿಲ್ಲದ ಚಿಪ್ಪು ಕೆಂಪು ಬೆಳಕಿನಲ್ಲಿ ಫಳ್ಳನೆ ಹೊಳೆಯುತ್ತದೆ.

“ಅಯ್ಯೋ, ಕವಡೆ!” ಅಂದವರು ಟೈಲರಮ್ಮ.

ಕವಡೆ! ಸರದಲ್ಲಿ ಪೋಣಿಸಿದ್ದನ್ನು ನೋಡಿದ್ದೇವೆ, ಆಟದಲ್ಲಿ ಎಸೆದಿದ್ದೇವೆ, ಬೆಲೆಯಿಲ್ಲದ್ದಕ್ಕೆ ಕವಡೆ ಕಾಸು ಅಂತ ಬೈದಿದ್ದೇವೆ. ಅದಕ್ಕೊಂದು ಜೀವ ಇರುತ್ತದೆ, ಆ ಜೀವಕ್ಕೊಂದು ಕೂದಲಿನ ಕಂಬಳಿ ಇರುತ್ತದೆ, ಅದನ್ನು ಹೊದ್ದುಕೊಂಡೇ ಅದು ತನ್ನ ಚಿಪ್ಪಿಗೆ ಹೊಳಪು ಕೊಡುತ್ತದೆ ಅಂತ ಆ ಹಾಲಿನಲ್ಲಿ ಯಾರಿಗೆ ಗೊತ್ತಿತ್ತು?

“ಟಿಕೆಟ್ ಇಲ್ದೆ ಹತ್ತಿದೆ ಅಂದ್ಕೊಂಡಿದ್ವಲ್ಲಮ್ಮ,” ಕಂಡಕ್ಟರು ಗಾಜಿಗೆ ಹಣೆ ಹಚ್ಚಿ ನಗುತ್ತಿದ್ದಾರೆ. “ಇದು ಚಿಲ್ಲರೆ ಹಿಡ್ಕೊಂಡೇ ಹತ್ತಿದೆ!”

“ಕೂದಲೂ ಇತ್ತು ಬಿಡಿ,” ಟೈಲರಮ್ಮ.

“ಪಿಂಗಾಣೀನೂ ಇತ್ತು.”

ನಡುವಿನ ಜಾಗ ಯಾವಾಗಲೋ ಮುಚ್ಚಿಹೋಗಿದೆ. ನರ್ಸಮ್ಮ ಚಪ್ಪಾಳೆ ಶುರುಮಾಡುತ್ತಾರೆ, ಆಗಲೇ ಸೂಜಿ ಹಾಕಿಸಿಕೊಂಡು ಕೂತವರು ಒಂದೇ ಕೈಯಿಂದ ಕುರ್ಚಿಯ ಹಿಡಿಯನ್ನು ಬಡಿಯುತ್ತಾರೆ. ಒಂದು ಬಸವನಹುಳುವಿನ ಜಾತಿಯ ಜೀವಕ್ಕೆ ಇಂಥ ಸ್ವಾಗತ ಎಲ್ಲಾದರೂ ಸಿಕ್ಕಿದೆಯೋ ಇಲ್ಲವೋ.

ಇನ್ನೂ ಒಂದು ಗಂಟು ಬಿಚ್ಚಬೇಕಿತ್ತು. ಕವಡೆಗಳಲ್ಲೂ ಹತ್ತಾರು ಬಗೆ. ಕೆಲವು ಹವಳಕ್ಕೂ ಬಾಯಿ ಹಾಕುತ್ತವೆ. ಉಪ್ಪಕ್ಕ ಅದನ್ನು ಪಾರದರ್ಶಕ ಲೋಟಕ್ಕೆ ಇಳಿಸಿ, ಬೆನ್ನಿನದೂ ಅಡಿಯದೂ ಚಿತ್ರ ತೆಗೆದು, ಚಿಪ್ಪುಗಳ ಬಗ್ಗೆಯೇ ಓದಿದ ಮೇಡಂ ಒಬ್ಬರಿಗೆ ಕಳಿಸಿದರು. ಮೇಡಂ ಕೂಡಲೇ ಫೋನು ಮಾಡಿದರು. ಅಡಿಯಲ್ಲಿ ಉದ್ದಕ್ಕೂ ಸೀಳು, ಸೀಳಿನ ಎರಡೂ ಅಂಚಿಗೆ ಹಲ್ಲು. ವಿಷದ ಶಂಖಕ್ಕೆ ಆ ಹಲ್ಲಿರುವುದಿಲ್ಲ. ಹಳದಿ ಬಣ್ಣ, ಉಬ್ಬಿದ ಅಂಚು. ಹಿಂದೆ ಹಣದ ಬದಲು ಚಲಾವಣೆಯಲ್ಲಿದ್ದದ್ದು ಇದೇ ಜಾತಿ, ತಿನ್ನುವುದು ಪಾಚಿ. ಮೇಡಂ ಇನ್ನೊಂದು ಮಾತೂ ಹೇಳಿದರಂತೆ: “ಬದುಕಿರೋದನ್ನ ಇಷ್ಟು ಚೆನ್ನಾಗಿ ಕಂಬಳಿ ಸಮೇತ ನಾನೂ ನೋಡಿಲ್ಲ, ಬಂದು ನೋಡ್ಬಹುದಾ?” ಆಮೇಲೊಂದು ದಿನ ಬಂದರು ಕೂಡ. ಉಪ್ಪಕ್ಕನಿಗೆ ಗೊತ್ತಿಲ್ಲದ್ದು ಹತ್ತು ಹೇಳಿಕೊಟ್ಟು ಹೋದರು.

ದೊಡ್ಡ ಡಾಕ್ಟರು ಸುತ್ತು ಬರುವ ಹೊತ್ತಿಗೆ ಲೋಟ ಅವರ ಮೇಜಿನ ಮೇಲಿತ್ತು. ಬಾಗಿ ನೋಡಿದರು.

“ಕಚ್ಚುತ್ತಾ?”

“ಪಾಚಿ ಆಗಿದ್ರೆ ಕಚ್ಚುತ್ತೆ ಸಾರ್.”

“ನೀನು ಹವಳ ತಿನ್ನೋದು ಅಂದಿದ್ದೆ.”

“ತಪ್ಪು ಹೇಳಿದ್ದೆ. ಏಡಿ ಲೆಕ್ಕ ಇದಕ್ಕೆ ಹಾಕಿದ್ದೆ. ಇನ್ಮೇಲೆ ಹಾಕಲ್ಲ.”

ಡಾಕ್ಟರು ಕನ್ನಡಕ ತೆಗೆದು, ಕೋಟಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಂದು ಸಲ ನೋಡಿದರು. ಲೋಟದೊಳಗಿನದ್ದು ಆಗಲೇ ಧೈರ್ಯ ಮಾಡಿ ಕಂಬಳಿಯ ಅಂಚನ್ನು ಮೆಲ್ಲಗೆ ಹೊರಗೆ ಚಾಚುತ್ತಿತ್ತು. ಡಾಕ್ಟರು ಹಾಗೇ ಬಾಗಿ ನಿಂತರು. ಹೊರಗೆ ರೋಗಿಗಳ ಕಡೆಯವರು ಕಾಯುತ್ತಿದ್ದರೂ ಇವರು ನಿಂತೇ ಇದ್ದರು. ಅದು ಪೂರ್ತಿ ಹೊದ್ದು ಮುಗಿಸಿದ ಮೇಲೆ ತಲೆ ಎತ್ತಿ, “ಒಳಗೆ ಬಿಡಮ್ಮ ಅದನ್ನ,” ಅಂದರು.

ಅದು ನಡೆದು ಈಗ ಕೆಲವು ತಿಂಗಳು. ಟಿವಿಯ ಮಾತು ಮತ್ತೆ ಬಂದಿಲ್ಲ. ಬದಲಿಗೆ ಮಧ್ಯಾಹ್ನದ ಪಾಳಿಯವರು ಕೂರುವ ಇನ್ನೊಂದು ಹಾಲಿನಿಂದ ತಕರಾರು ಬಂದಿದೆ: ಅವರಿಗೆ ಮಾತ್ರ ಯಾಕೆ, ನಮಗೂ ಒಂದು ತೊಟ್ಟಿ ಬೇಕು. ಡಾಕ್ಟರು ಒಪ್ಪಿದ್ದಾರೆ. ಗೋಡೆ ಒಡೆಯುವ ಕೆಲಸ ನಡೆದಿದೆ. ಉಪ್ಪಕ್ಕ ದಿನಾ ಹೋಗಿ ಗಾರೆಯವರ ತಲೆ ತಿನ್ನುತ್ತಾರೆ. ಹಿಂಬದಿಯ ಓಣಿ ಈ ಸಲ ನೆಟ್ಟಗೆ ನಿಲ್ಲುವಷ್ಟು ಅಗಲ ಇರಬೇಕು ಅನ್ನುವುದು ಅವರ ಷರತ್ತು.

ಇನ್ನೊಂದು ಷರತ್ತೂ ಇದೆ. ಕಲ್ಲನ್ನು ಬಿಸಿನೀರಲ್ಲಿ ಅದ್ದಿ, ಜೀವವೆಲ್ಲ ಸಾಯಿಸಿ, ಚೊಕ್ಕ ಮಾಡಿ ತರುವವರೂ ಇದ್ದಾರೆ. ಹಾಗೆ ತಂದರೆ ಕಿರಿಕಿರಿ ಇಲ್ಲ. ಉಪ್ಪಕ್ಕ ಬೇಡ ಅಂದಿದ್ದಾರೆ. ಕಡಲಿನಿಂದ ಬಂದ ಹಾಗೇ ಬರಲಿ, ತೂತಿನೊಳಗಿನವರ ಸಮೇತ.

ಡಾಕ್ಟರಿಗೆ ಅಳುಕು ಇನ್ನೂ ಹೋಗಿಲ್ಲ. “ಮತ್ತೆ ಗೊತ್ತಿಲ್ಲದ್ದು ಏನಾದ್ರೂ ಬಂದ್ರೆ?” ಅಂತ ಕೇಳಿದರಂತೆ.

ಉಪ್ಪಕ್ಕ ತೋಳು ಮಡಿಚುತ್ತಾ, ತಾನು ಕೊಟ್ಟ ಉತ್ತರವನ್ನು ಇನ್ನೊಂದು ಸಲ ಹೇಳಿ ತೋರಿಸುತ್ತಾರೆ.

“ಬರ್ಲಿ ಬಿಡಿ ಸಾರ್. ನೀವ್ಯಾರಪ್ಪ ಅಂತ ಕೇಳೋಕೆ ನಾನಿದೀನಲ್ಲ.”